ಅಮೃತಪ್ಪನ ತರ್ಜುಮೆ

ರಾವೂರಿನಲ್ಲಿ ಉರ್ದು ಬಾರದವರು ಯಾರೂ ಇಲ್ಲ. ಎಮ್ಮೆ ಕೊಳ್ಳುವಾಗ, ಜಗಳ ತೆಗೆಯುವಾಗ, ಬಸ್ಸಿನಲ್ಲಿ ಜಾಗ ಹಿಡಿಯುವಾಗ ನಾವೆಲ್ಲ ಬೇಕಾದಷ್ಟು ಉರ್ದು ಆಡುತ್ತೇವೆ. ಆದರೆ ‘ಉರ್ದು ಬಲ್ಲವ’ ಎಂದು ಹೆಸರಾದವನು ಅಮೃತಪ್ಪ ಒಬ್ಬನೇ. ಕಾರಣ, ಅವನ ಉರ್ದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುವುದಕ್ಕೆ ಜನ ಮಾತು ಎನ್ನುತ್ತಾರೆ, ತಿಳಿಯದ್ದಕ್ಕೆ ವಿದ್ಯೆ ಎನ್ನುತ್ತಾರೆ.

ನಿಜಾಮರ ಕಾಲದಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಅವನು ಹೈದರಾಬಾದಿನಲ್ಲಿ ಕೆಲಕಾಲ ಇದ್ದದ್ದು ನಿಜ. ‘ದಫ್ತರದಾಗ ಇದ್ದೆ’ ಎಂದು ಅವನು ಹೇಳುತ್ತಿದ್ದ. ದಫ್ತರದ ಎದುರಿನ ಹೋಟೆಲಿನಲ್ಲಿ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದ ಎಂದು ಚಾಂದ್ ಹೇಳುತ್ತಿದ್ದ. ಚಾಂದ್ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಚಹಾದ ಹೋಟೆಲು ಇಟ್ಟವನು. “ಉರ್ದು ನಮ್ಮ ಮನಿ ಭಾಷಾ ಅದ. ಆದ್ರ ಅಮೃತಪ್ಪ ಕಾಕಾ ಬಾಯಿ ತೆರದ್ರ ನಮ್ಮ ಮನ್ಯಾಗ ಯಾರಿಗೂ ಒಂದು ಲಫ್ಜ್ ತಿಳಿಯಂಗಿಲ್ಲ” ಎನ್ನುತ್ತಿದ್ದ. ಅಮೃತಪ್ಪ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಊರಿಗೆ ಯಾವ ಸಾಹೇಬರು ಬಂದರೂ ಅವನು ತೊಳೆದ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು, ಅವರ ಬಲಗಡೆ ಹೋಗಿ ನಿಂತುಬಿಡುತ್ತಿದ್ದ. ಯಾರೂ ಕರೆದಿರುತ್ತಿರಲಿಲ್ಲ, ಯಾರೂ ಓಡಿಸುತ್ತಲೂ ಇರಲಿಲ್ಲ. ಸಾಹೇಬರು ಕನ್ನಡದಲ್ಲೇ ಮಾತಾಡಿದರೂ ಅದನ್ನು ಇನ್ನೊಮ್ಮೆ ಕನ್ನಡಕ್ಕೆ ತರ್ಜುಮೆ ಮಾಡಿ ಹೇಳುತ್ತಿದ್ದ. ಇದರಿಂದ ಊರಿಗೆ ಹಾನಿಯೇನೂ ಆಗಿರಲಿಲ್ಲ. ಹಾನಿ ಆದದ್ದು ಖಡಿ ಮಷಿನ್ ಬಂದ ಮೇಲೆ.

ಊರಿನ ಪಡುವಲಿಗೆ ನಾಗೇಂದ್ರಪ್ಪ ಸಾಹುಕಾರರು ಖಡಿ ಮಷಿನ್ ಕೂಡಿಸಿದರು. ಗಣಿಯಲ್ಲಿ ಫರಸಿ ಹಾಸುಗಲ್ಲು ತೆಗೆದ ಮೇಲೆ ಉಳಿಯುವ ಒಡಕು ಕಲ್ಲನ್ನು ನುಂಗಿ ಖಡಿ, ಅಂದರೆ ಜಲ್ಲಿ, ಉಗುಳುವ ಯಂತ್ರ ಅದು. ಖಡಿಯನ್ನು ಲಾರಿ ಒಯ್ಯುತ್ತಿತ್ತು, ಕಲ್ಲಿನ ಹಿಟ್ಟನ್ನು ಗಾಳಿ ನಮ್ಮ ಮನೆಗಳಿಗೆ ತಂದು ಮುಟ್ಟಿಸುತ್ತಿತ್ತು. ಕರಿ ಎಮ್ಮೆಗಳು ಬೆಳ್ಳಗಾದವು. ಒಬ್ಬ ತನ್ನ ಎಮ್ಮೆಯನ್ನು ಸೇಡಂ ಸಂತೆಗೆ ಹೊಡೆದುಕೊಂಡು ಹೋದರೆ “ಆಕಳು ಎಲ್ಲಿಂದ ತಂದಿ” ಎಂದು ಕೇಳಿದರು. ಪ್ರಾಯದವರ ಮೀಸೆಗಳು ನರೆತವು. ಅಜ್ಜಂದಿರಿಗೆ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ಅಮೃತಪ್ಪನ ಹೆಂಡತಿ ಗುಂಡಮ್ಮ. ಜೋಳದ ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಸರಿಗಟ್ಟುವವರು ಸುತ್ತ ಹಳ್ಳಿಗಳಲ್ಲಿ ಇರಲಿಲ್ಲ. ಈಗ ಹಿಟ್ಟು ಎಷ್ಟು ಮುಚ್ಚಿಟ್ಟರೂ, ತವೆಗೆ ಎಷ್ಟು ಅಡ್ಡ ಕೂತರೂ, ರೊಟ್ಟಿ ಬಾಯಿಗೆ ಹೋದ ಕೂಡಲೇ ಕರಕರ ಎನ್ನುತ್ತಿತ್ತು. ಸಾಹುಕಾರರು ಹೊರಗೆ ಕಲ್ಲು ಒಡೆದರೆ ಅಮೃತಪ್ಪ ಒಳಗೆ ಕೂತು ಒಡೆಯುತ್ತಿದ್ದ.

“ನೋಡ್ರಿ, ಎಳ್ಳಮಾಸಿ ಹಬ್ಬದ ತನಕ ನೋಡ್ತೀನಿ” ಎಂದಳು ಗುಂಡಮ್ಮ ಒಂದು ದಿನ. “ಈ ಧೂಳು ಹೋಗ್ಲಿಲ್ಲಂದ್ರ ನಾ ಹೋಗ್ತೀನಿ.”

“ಎಲ್ಲಿಗಿ?”

“ತವರಿಗಿ. ನಮ್ಮ ಚಿಂಚೋಳಿ ಕಡಿ ಗಾಳಿಗಿ ಹಲ್ಲಿಲ್ಲ.”

ಗುಂಡಮ್ಮ ಹೇಳಿದ್ದನ್ನು ಮಾಡುವವಳು. ಅಮೃತಪ್ಪನಿಗೆ ಹೆಂಡತಿಯ ಮೇಲೆ ಬಹಳ ಜೀವ. ಅದನ್ನು ಉರ್ದುವಿನಲ್ಲಿ ಹೇಳಲು ಬರುತ್ತಿರಲಿಲ್ಲ, ಕನ್ನಡದಲ್ಲಿ ಹೇಳಲು ನಾಚಿಕೆ. ಹೀಗಾಗಿ ಅವನೇ ಮುಂದಾಳಾಗಿ ಊರಿನ ಹಿರಿಯರನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋಗಿ ತಹಶೀಲ್ದಾರರ ಮುಂದೆ ನಿಂತ.

ತಹಶೀಲ್ದಾರರು ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. “ನೋಡೋಣ, ಸಾಹುಕಾರರ ಹತ್ರಾನೂ ಒಂದು ಮಾತು ಕೇಳ್ಬೇಕಲ್ವಾ. ಮಷೀನಿಗೆ ಸುತ್ತ ತಗಡು ಹೊಡ್ಸಿ, ನೀರಿನ ಪೈಪು ಹಾಕ್ಸಿದ್ರೆ ಧೂಳು ಕೂತ್ಕೊಳುತ್ತೆ. ಹಾಗೆ ಹೇಳ್ತೀನಿ” ಎಂದರು.

ಈ ಮಾತು ಸಾಹುಕಾರರ ಕಿವಿಗೆ ಬಿತ್ತು. ತಗಡು, ನೀರು, ಪೈಪು, ಅದನ್ನು ನೋಡಿಕೊಳ್ಳಲು ಒಬ್ಬ ಆಳು. ನೆನೆದರೇ ಅವರಿಗೆ ಬೇಸರವಾಯಿತು. ಅದಕ್ಕಿಂತ ಸುಲಭದ ಉಪಾಯ ಅವರಿಗೆ ಹೊಳೆಯಿತು. ಹೈದರಾಬಾದಿನಲ್ಲಿ ಯಾವುದೋ ಸಭೆಯಲ್ಲಿ ಒಬ್ಬ ಪ್ರೊಫೆಸರು, ‘ಗಾಳಿ ನೀರು ಕೆಟ್ಟದ್ದಕ್ಕೆ ಯಂತ್ರದ್ದು ತಪ್ಪಲ್ಲ, ಮನುಷ್ಯನದು ತಪ್ಪು’ ಎಂದು ಹೇಳಿದ್ದನ್ನು ಅವರು ಕೇಳಿದ್ದರು. ಮುಂದಿನ ಮಾತು ಕೇಳಲು ಅವರು ಕೂತಿರಲಿಲ್ಲ. ಅಷ್ಟೇ ಸಾಕೆನಿಸಿ ಪ್ರೊಫೆಸರನ್ನು ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿಸಿಕೊಂಡು ಜೀಪಿನಲ್ಲಿ ಊರಿಗೆ ಕರೆತಂದರು.

ಜೀಪು ಕಂಡ ಕೂಡಲೇ ಕೆಲವು ಗಂಡಸರು ತೊಗರಿ ಹೊಲದ ಕಡೆ ಓಡಿದರು. ಗಂಡಸರನ್ನು ಹಿಡಿದೊಯ್ದು ಸಂತಾನ ಕಡಿಮೆ ಮಾಡುವ ಜೀಪು ಓಡಾಡಿದ ವರ್ಷಗಳು ಆಗಷ್ಟೇ ಮುಗಿದಿದ್ದವು, ಕಾಲುಗಳಿಗೆ ಅಭ್ಯಾಸ ಹೋಗಿರಲಿಲ್ಲ. ಇದು ಭಾಷಣದ ಜೀಪು ಎಂದು ಕೂಗಿ ಕರೆದು ಅವರನ್ನು ಬೇವಿನ ಮರದ ಕೆಳಗೆ ಕೂಡಿಸಬೇಕಾಯಿತು.

ಪ್ರೊಫೆಸರ ಹೆಸರು ಖಾಜಾ ಸಾಹೇಬ. ಆರಡಿಗೂ ಮೇಲೆ ಇದ್ದ ಸಣಕಲು ಮನುಷ್ಯ. ನಿಂತು ‘ಆದಾಬ್’ ಎನ್ನುವಷ್ಟರಲ್ಲಿ ಬೇವಿನ ಟೊಂಗೆ ಅವರ ತಲೆಗೆ ಬಡಿಯಿತು. ಪಾಪ, ಬಹಳ ಒಳ್ಳೆಯವರು. ಆದರೆ ಅವರ ಉರ್ದು ಪುಸ್ತಕದಿಂದ ನೇರ ಬರುತ್ತಿತ್ತು, ನಡುವೆ ನಾಲಿಗೆಗೆ ತಾಗುತ್ತಿರಲಿಲ್ಲ. ನಮ್ಮ ಎಮ್ಮೆ ಕೊಳ್ಳುವ ಉರ್ದುವಿಗೆ ಅದು ಎಟುಕುವಂಥದ್ದಲ್ಲ. ಅಮೃತಪ್ಪ ಆಗಲೇ ಅವರ ಬಲಗಡೆ ನಿಂತಿದ್ದ.

“ಕಸೂರ್ ಮಷೀನ್ ಕಾ ನಹೀಂ” ಎಂದರು ಖಾಜಾ ಸಾಹೇಬರು.

“ಮಷಿನ್ದು ಏನೂ ತಪ್ಪಿಲ್ಲಂತ” ಎಂದ ಅಮೃತಪ್ಪ. ಸಾಹುಕಾರರು ಚಪ್ಪಾಳೆ ಹೊಡೆದರು.

“ಇನ್ಸಾನ್ ಕೀ ತಬಿಯತ್ ಬದಲ್ನಾ ಹೋಗಾ.”

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಓದಿದವರ ಉರ್ದುವಿನಲ್ಲಿ ತಬಿಯತ್ ಎಂದರೆ ಹುಟ್ಟುಗುಣ, ಸ್ವಭಾವ. ನಮ್ಮ ಕಡೆ ತಬಿಯತ್ ಎಂದರೆ ಆರೋಗ್ಯ. ಬೆಳಗಾದರೆ ಎದುರಾದವರನ್ನು “ತಬಿಯತ್ ಹೆಂಗದ್ರಿ” ಎಂದು ಕೇಳುತ್ತೇವೆ, ಅವರು “ಬರಾಬರಿ ಅದ್ರಿ” ಎನ್ನುತ್ತಾರೆ. ಜ್ವರ ಬಂದರೆ ತಬಿಯತ್ ಕೆಟ್ಟಿತು, ಬಿಟ್ಟರೆ ಸುಧಾರಿಸಿತು. ಮನುಷ್ಯನ ಸ್ವಭಾವವೇ ಬದಲಾಗಬೇಕು ಎಂದು ಖಾಜಾ ಸಾಹೇಬರು ಹೇಳಿದರು. ಅಮೃತಪ್ಪ ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿದ.

“ಸಾಹೇಬ್ರು ಹೇಳಾಕತ್ತಾರ, ನಿಮ್ಮೆಲ್ಲಾರ ತಬಿಯತ್ ಕೆಟ್ಟದ. ಅದಕ್ಕೇ ಧೂಳು ತ್ರಾಸ ಕೊಡ್ಲಿಕತ್ತದ. ತಬಿಯತ್ ಬದಲ್ ಮಾಡಿದ್ರ ಧೂಳು ಏನೂ ಮಾಡಂಗಿಲ್ಲ.”

ಖಾಜಾ ಸಾಹೇಬರಿಗೆ ಉತ್ಸಾಹ ಬಂತು. ಭೂಮಿ ಇದ್ದಷ್ಟೇ ಇದೆ, ಮನುಷ್ಯನ ಆಸೆ ಬೆಳೆಯುತ್ತಿದೆ ಎಂದರು. ಮುಂದೊಂದು ದಿನ ವಿಜ್ಞಾನಿಗಳು ಮನುಷ್ಯನನ್ನೇ ತಿದ್ದುವ ಔಷಧ ಕಂಡುಹಿಡಿಯಬಹುದು. ಅವನು ಗಿಡ್ಡನಾದರೆ ಕಡಿಮೆ ಉಂಡಾನು, ಬೆಕ್ಕಿನ ಕಣ್ಣು ಬಂದರೆ ದೀಪ ಬೇಡವಾದೀತು, ಮರ ಕಡಿದರೆ ಅವನಿಗೇ ನೋವಾಗುವಂತೆ ಮಾಡಬಹುದು ಎಂದರು. ಕೊನೆಗೆ ಬೆರಳೆತ್ತಿ, “ಆದರೆ ಇದು ನ್ಯಾಯವೇ? ಒಬ್ಬನನ್ನು ಕೇಳದೆ ಅವನ ಸ್ವಭಾವ ತಿದ್ದಬಹುದೇ? ಇದನ್ನು ನೀವು ಯೋಚಿಸಬೇಕು” ಎಂದು ಕೂತರು.

ಅವರು ಊರಿಗೆ ಒಂದು ಪ್ರಶ್ನೆ ಕೇಳಿದ್ದರು. ಅಮೃತಪ್ಪನ ಉರ್ದು ಅಷ್ಟು ದೂರ ನಡೆಯಲಾರದೆ ಔಷಧದ ಹತ್ತಿರವೇ ಕೂತುಬಿಟ್ಟಿತ್ತು.

“ದವಾ ಬರ್ತದಂತ” ಎಂದ. “ಕುಡದ್ರ ಮನಷ್ಯಾ ಗಿಡ್ಡ ಆಗ್ತಾನಂತ. ಗಿಡ್ಡ ಆದ್ರ ರೊಟ್ಟಿ ಕಡಿಮಿ ಬೇಕು. ಕಣ್ಣು ಬೆಕ್ಕಿನಂಗ ಆಗ್ತಾವ, ಚಿಮಣಿ ಎಣ್ಣಿ ಉಳೀತದ. ಆಸಿ ಕಡಿಮಿ ಆಗ್ತದ.” ಸಾಹುಕಾರರು ತನ್ನನ್ನೇ ನೋಡುತ್ತಿದ್ದದ್ದು ಅವನಿಗೆ ಕಂಡಿತು. “ಧೂಳು ಕಂಡ್ರ ಸಿಟ್ಟೂ ಬರಂಗಿಲ್ಲಂತ” ಎಂದು ತನ್ನದೊಂದು ಸೇರಿಸಿದ.

ಹೆಂಗಸರ ನಡುವಿನಿಂದ ಗುಂಡಮ್ಮ ಎದ್ದು ನಿಂತು ಖಾಜಾ ಸಾಹೇಬರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಈ ಸಾಹೇಬ್ರು ಕುಡ್ದಿಲ್ಲೇನ್ರಿ?”

ಜನ ಹೋ ಎಂದು ನಕ್ಕರು. ಆ ತಾಯಿ ಏನು ಕೇಳಿದರು ಎಂದು ಖಾಜಾ ಸಾಹೇಬರು ಅಮೃತಪ್ಪನನ್ನು ಕೇಳಿದರು. “ಶುಕ್ರಿಯಾ ಬೋಲ್ ರಹೀ ಹೈ” ಎಂದ ಅಮೃತಪ್ಪ. ಅವರು ಎದೆಯ ಮೇಲೆ ಕೈಯಿಟ್ಟು ಬಾಗಿದರು, ಏಳುವಾಗ ಇನ್ನೊಮ್ಮೆ ಟೊಂಗೆ ಬಡಿಸಿಕೊಂಡರು.

ನಾಗೇಂದ್ರಪ್ಪ ಸಾಹುಕಾರರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಪ್ರೊಫೆಸರು ಹೇಳಿದ್ದು ಅವರಿಗೆ ಪೂರ್ತಿ ತಿಳಿದಿತ್ತು. ಆದರೂ ಅಮೃತಪ್ಪನ ಬೆನ್ನು ತಟ್ಟಿ “ಭಾಳ ಛಲೋ ತರ್ಜುಮೆ ಮಾಡಿದಿ” ಎಂದರು. ಮೂಲಕ್ಕಿಂತ ತರ್ಜುಮೆಯೇ ಅವರಿಗೆ ಲಾಭದ್ದು.

ಖಾಜಾ ಸಾಹೇಬರು ಹೈದರಾಬಾದ್ ತಲುಪುವ ಮೊದಲೇ ಸಾಹುಕಾರರ ಲಾರಿ ಶಹಾಬಾದಿಗೆ ಹೋಗಿ, ಒಬ್ಬ ಕಂಪೌಂಡರನ ಕಡೆಯಿಂದ ಕೆಂಪು ಟಾನಿಕ್ಕಿನ ಬಾಟಲಿಗಳನ್ನು ಹೇರಿಕೊಂಡು ಬಂತು. ‘ತಬಿಯತ್ ದವಾ’ ಎಂದು ಅದಕ್ಕೆ ಹೆಸರಾಯಿತು. ಚಾವಡಿಯಲ್ಲಿ ಮೇಜು ಹಾಕಿ, ಚಮಚೆ ಕೊಟ್ಟು, ಅಮೃತಪ್ಪನನ್ನು ಕೂಡಿಸಿದರು. ಜೀವಮಾನದಲ್ಲಿ ಮೊದಲ ಸಲ ಅವನು ಸಾಹೇಬರ ಬಲಗಡೆ ನಿಲ್ಲದೆ ತಾನೇ ಕುರ್ಚಿಯಲ್ಲಿ ಕೂತಿದ್ದ. ಆ ಕುರ್ಚಿ ಅವನ ತಲೆಗೆ ಏರಿತು. ಹೆಂಡತಿಗಾಗಿ ಧೂಳು ಓಡಿಸಲು ಹೊರಟವನು ಧೂಳಿಗೆ ಜನರನ್ನು ಒಗ್ಗಿಸುವ ಕೆಲಸಕ್ಕೆ ಕೂತಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ದಿನವೇ ದರ್ಜಿ ಪೀರಪ್ಪ ಬಂದ. ಅವನು ಕುಡಿಯಲು ಬಂದವನಲ್ಲ.

“ಕಾಕಾ, ಎಷ್ಟು ಗಿಡ್ಡ ಆಗ್ತಾರಂತ ಒಂದು ಅಂದಾಜು ಹೇಳು. ಲಗ್ನದ ಪಾಯಿಜಾಮಾ ಹೊಲಿಯಾಕತ್ತೀನಿ. ನಾಳಿ ಉದ್ದ ಆಯ್ತಂದ್ರ ನನ್ನ ಕುತ್ತಿಗಿಗಿ ಬರ್ತಾರ.”

ಅಮೃತಪ್ಪ ಕಣ್ಣು ಮುಚ್ಚಿ ಯೋಚಿಸಿದ. “ಒಂದು ಗೇಣು ಕಡಿಮಿ ಹೊಲಿ.”

ಪೀರಪ್ಪ ಹಾಗೆಯೇ ಹೊಲಿದ. ಮದುಮಗ ಮಳಖೇಡದವನು, ಅವನಿಗೆ ದವಾ ಸಿಕ್ಕಿರಲಿಲ್ಲ. ಮೊಣಕಾಲಿನ ಕೆಳಗೆ ಬರಿಗಾಲು ಕಾಣಿಸುತ್ತ ಅವನು ಮಂಟಪಕ್ಕೆ ನಡೆದದ್ದನ್ನು ನೋಡಿ, ಬೀಗರು ಇದು ರಾವೂರಿನ ಹೊಸ ಪದ್ಧತಿ ಇರಬೇಕೆಂದು ತಾವೂ ಧೋತರ ಎತ್ತಿ ಕಟ್ಟಿದರು.

ಆಮೇಲೆ ಸುಂದರಮ್ಮ ಮಗನನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಂದಳು. ಆ ಮಗ ವಿಠೋಬಾ ಅವಳಿಗಿಂತ ಎರಡು ಪಟ್ಟು ಇದ್ದದ್ದರಿಂದ ಅಷ್ಟೇನೂ ಮರೆಯಾಗಿರಲಿಲ್ಲ.

“ಅಣ್ಣಾ, ಇವ ಪೊಲೀಸ್ ಭರ್ತಿಗಿ ಕಲಬುರ್ಗಿಗಿ ಹೊಂಟಾನ. ಅಲ್ಲಿ ಎತ್ತರ ಅಳೀತಾರ. ಈಗೇ ಜರಾ ಕಡಿಮಿ ಬೀಳ್ತಾನಂತ ಅಂಜಿಕಿ ಅದ. ಇವನ್ನ ಬಿಟ್ಟುಬಿಡು. ಬೇಕಾದ್ರ ಇವನ ಪಾಲಿಂದು ನಾನೇ ಕುಡೀತೀನಿ.”

“ನೀ ಕುಡದ್ರ ನೀ ಗಿಡ್ಡ ಆಗ್ತಿ, ತಂಗಿ.”

“ಆಗ್ಲಿ ಬಿಡಣ್ಣಾ. ಇನ್ನ ನನಗ ಯಾರು ಅಳೀತಾರ.”

ಅಮೃತಪ್ಪ ಚಮಚೆ ಕೆಳಗಿಟ್ಟ. ಸರ್ಕಾರಿ ನೌಕರಿಗೆ ಸವಲತ್ತು ಇರಬೇಕು ಎಂದು ವಿಠೋಬಾನಿಗೆ ಎತ್ತರ ಇರಲು ಪರವಾನಿಗೆ ಕೊಟ್ಟ. ಮರುದಿನದಿಂದ ಪರವಾನಿಗೆ ಕೇಳುವವರ ಸಾಲು ಕುಡಿಯುವವರ ಸಾಲಿಗಿಂತ ಉದ್ದವಾಯಿತು. ಬಾವಿಯಿಂದ ನೀರು ಸೇದುವವರು ತಮಗೆ ಉದ್ದ ಕೈ ಬೇಕೆಂದರು. ಒಬ್ಬ ಸೊಸೆ ತನಗೆ ಬೇಡವೆಂದು, ಅತ್ತೆಯ ಪಾಲು ಮಾತ್ರ ಎರಡು ಚಮಚೆ ಕೇಳಿ ಪಡೆದು, “ನಾಲಿಗಿ ಒಂದೇ ಗಿಡ್ಡ ಮಾಡ್ಲಿಕ್ಕಿ ಬರ್ತದೇನ್ರಿ” ಎಂದು ವಿಚಾರಿಸಿದಳು.

ಇನ್ನೊಂದು ಸಮಸ್ಯೆ ಎದ್ದಿತು. ಕುಡಿದವರಿಗೆಲ್ಲ ಭಯಂಕರ ಹಸಿವು. ರೊಟ್ಟಿ ಕಡಿಮೆ ಬೇಕಾಗುತ್ತದೆ ಎಂದುಕೊಂಡವರು ಬುಟ್ಟಿ ಬುಟ್ಟಿ ಉಣ್ಣತೊಡಗಿದರು. ಮೇವು ಉಳಿಸೋಣ ಎಂದು ಎಮ್ಮೆಗೆ ಕುಡಿಸಿದವನ ಎಮ್ಮೆ ನೆರೆಮನೆಯ ಬಣವೆಯನ್ನೇ ತಿಂದುಹಾಕಿತು. ಇದಕ್ಕೆ ಕಾರಣ ನಮಗೆ ಆಮೇಲೆ ತಿಳಿಯಿತು. ಕಂಪೌಂಡರ್ ಕೊಟ್ಟದ್ದು ಹಸಿವಿನ ಟಾನಿಕ್. ಆದರೆ ಆ ಹೊತ್ತಿಗೆ ಅಮೃತಪ್ಪ ಅದಕ್ಕೂ ಉತ್ತರ ಇಟ್ಟಿದ್ದ: “ಗಿಡ್ಡ ಆಗೋ ಮುಂಚೆ ಮೈ ಕಡೀ ಸಲ ಹೊಟ್ಟಿ ತುಂಬಾ ಉಣ್ತದ. ಶಾಸ್ತ್ರದಾಗ ಅದ.”

ಊರೆಲ್ಲ ಮುಗಿಸಿ ಒಂದು ಸಂಜೆ ಅವನು ಬಾಟಲಿ ಚಮಚೆ ಹಿಡಿದು ಮನೆಗೆ ಬಂದ. ಗುಂಡಮ್ಮ ಒಲೆಯ ಮುಂದೆ ಕೂತಿದ್ದಳು.

“ಬಾಯಿ ತೆರಿ” ಎಂದ.

“ಕುಡದ್ರ ಏನಾಗ್ತದ?”

“ಧೂಳಿನ ತ್ರಾಸ ಅನಸಂಗಿಲ್ಲ.”

“ಧೂಳು ಇರ್ತದೋ ಹೋಗ್ತದೋ?”

“ಇರ್ತದ.”

“ರೊಟ್ಟ್ಯಾಗೂ?”

“ರೊಟ್ಟ್ಯಾಗೂ ಇರ್ತದ. ಆದ್ರ ನಿನಗ ಗೊತ್ತಾಗಂಗಿಲ್ಲ.”

ಗುಂಡಮ್ಮ ಚಮಚೆ ತೆಗೆದುಕೊಂಡು ಒಲೆಯ ಕಟ್ಟೆಯ ಮೇಲೆ ಮಗುಚಿ ಇಟ್ಟಳು. “ನನ್ನ ನಾಲಿಗಿ ನನಗ ಇರ್ಲಿ. ಕಲ್ಲು ಕಲ್ಲಂತ ತಿಳಿಬೇಕು, ಜ್ವಾಳ ಜ್ವಾಳಂತ ತಿಳಿಬೇಕು. ಅದೂ ತಿಳೀಲಿಲ್ಲಂದ್ರ ಮನಷ್ಯಾ ಯಾಕ, ಆ ಖಡಿ ಮಷಿನ್ನೇ ಛಲೋ ಅಲ್ಲೇನು, ಹಾಕಿದ್ದೆಲ್ಲಾ ನುಂಗ್ತದ. ಒಂದು ಮಾತು ಹೇಳ್ರಿ. ಸಾಹುಕಾರ ಕುಡ್ದಾನೇನು?”

ಅಮೃತಪ್ಪ ಬಾಟಲಿಯ ಬಿರಡೆಯನ್ನು ತಿರುಗಿಸಿ ಬಿಗಿ ಮಾಡಿದ.

“ಮಷಿನ್ ಅವಂದು, ಆಸಿ ಅವಂದು. ದವಾ ಮಾತ್ರ ನಮಗ್ಯಾಕ?” ಎಂದಳು ಗುಂಡಮ್ಮ. ಎಳ್ಳಮಾಸಿ ಇನ್ನೂ ದೂರ ಇತ್ತು. ಅವಳು ಅಷ್ಟು ದಿನ ಕಾಯಲಿಲ್ಲ. ಬೆಳಗಿನ ಬಸ್ಸಿಗೆ ಗಂಟು ಕಟ್ಟಿಕೊಂಡು ಚಿಂಚೋಳಿಯ ಕಡೆ ಹೊರಟುಹೋದಳು. ಹೋಗುವಾಗ ತವೆಯನ್ನು ಸಹ ಒಯ್ದಳು, ಅದು ತವರಿನದು.

ಅಮೃತಪ್ಪ ನೆರೆಮನೆಯ ತವೆ ಬೇಡಿ ತಂದು ರೊಟ್ಟಿ ಬಡಿದ. ಅದು ಚಿತ್ತಾಪುರ ತಾಲೂಕಿನ ನಕಾಶೆಯಂತೆ ಆಯಿತು. ದಿನವಿಡೀ ದವಾ ರುಚಿ ನೋಡಿ ನೋಡಿ ಅವನಿಗೆ ಊರಿನಲ್ಲೇ ಹೆಚ್ಚಿನ ಹಸಿವು. ಕೂತು ಕಡಿದ, ಕರಕರ ಎಂದಿತು. ಬಯ್ಯುವವರು ಯಾರೂ ಇರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

“ಕಾಕಾ, ನೀ ಗಿಡ್ಡ ಆಗಿಲ್ಲ, ಸೊರಗೀದಿ” ಎಂದ ಚಾಂದ್ ಚಹಾ ಕೊಡುತ್ತ. “ಚಾಚಿನ ಕರಕೊಂಡು ಬಾ.”

“ಬಾ ಅಂದ್ರ ಬರ್ತಾಳೇನು? ಒಂದು ಸವಾಲ್ ಕೇಳಿ ಹೋಗ್ಯಾಳ. ಅದಕ್ಕ ಜವಾಬ್ ಇಲ್ಲದೆ ಹೆಂಗ ಹೋಗ್ಲಿ?”

ಅಷ್ಟರಲ್ಲಿ ಸಾಹುಕಾರರು ದೊಡ್ಡ ಸಭೆ ಇಟ್ಟರು. ತಹಶೀಲ್ದಾರರು ಬರಬೇಕು, ಖಾಜಾ ಸಾಹೇಬರೂ ಬರಬೇಕು. ಅವರಿಬ್ಬರ ಮುಂದೆ ಊರಿನವರು ಕೈ ಎತ್ತಿ, ನಮ್ಮ ತಬಿಯತ್ ಬದಲಾಗಿದೆ, ಈಗ ಧೂಳಿನ ತ್ರಾಸ ಇಲ್ಲ ಎನ್ನಬೇಕು. ಹಾಗೆಂದುಬಿಟ್ಟರೆ ತಗಡು ಪೈಪಿನ ಮಾತು ಅಲ್ಲಿಗೆ ಮುಗಿಯುತ್ತದೆ. ಊರಿನ ಅರ್ಧ ಜನ ಸಾಹುಕಾರರ ಗಣಿಯಲ್ಲೇ ದುಡಿಯುವವರು, ಕೈ ಎತ್ತದೆ ಎಲ್ಲಿಗೆ ಹೋಗಬೇಕು.

ತಹಶೀಲ್ದಾರರು ಅಚ್ಚ ಬಿಳಿ ಅಂಗಿ ತೊಟ್ಟು ಜೀಪಿನಲ್ಲಿ ಬಂದರು. ಜೀಪಿನಿಂದ ಬೇವಿನ ಮರಕ್ಕೆ ನಡೆದು ಬರುವಷ್ಟರಲ್ಲಿ ಅಂಗಿ ಇನ್ನೂ ಬೆಳ್ಳಗಾಗಿ, ಮುಖವೂ ಅದಕ್ಕೆ ಹೊಂದಿಕೊಂಡಿತು. ಕೂತ ಮೇಲೆ ಕೆಮ್ಮು ಹಿಡಿಯಿತು. ಸಾಹುಕಾರರು ಒಂದು ಬಾಟಲಿ ಮೇಲೆತ್ತಿ ತೋರಿಸಿದರು.

“ನಮ್ಮ ಊರಿನವ್ರ ತಬಿಯತ್ ಬದಲಾಗ್ಯಾದ, ಸಾಹೇಬ್ರ. ಎಲ್ಲಾ ಈ ದವಾದ ಪುಣ್ಯ. ಪ್ರೊಫೆಸರ್ ಸಾಹೇಬ್ರ ವಿದ್ಯೆ, ನಮ್ಮದು ಸೇವಾ. ಈಗ ಎಲ್ಲಾರೂ ಕೈ ಎತ್ತ್ರಿ.”

ಕೈಗಳು ಒಂದೊಂದೇ ಏಳತೊಡಗಿದವು. ಖಾಜಾ ಸಾಹೇಬರು ಏನೂ ತಿಳಿಯದೆ, ಆ ಬಾಟಲಿ ಯಾವುದು ಎಂದು ಸಾಹುಕಾರರನ್ನು ಕೇಳಿದರು. ನೀವು ಅಂದು ಹೇಳಿದ ದವಾ, ಊರಿಗೆಲ್ಲ ಕುಡಿಸಿದ್ದೇವೆ ಎಂದು ಸಾಹುಕಾರರು ನಗುತ್ತ ಹೇಳಿದರು. ಹೆಸರು ಬರುವುದಾದರೆ ಯಾವ ಪ್ರೊಫೆಸರೂ ಬೇಡವೆನ್ನಲಾರರು ಎಂಬುದು ಅವರ ಲೆಕ್ಕ. ಖಾಜಾ ಸಾಹೇಬರು ದಡಕ್ಕನೆ ಎದ್ದರು. ಟೊಂಗೆ ಬಡಿಯಿತು, ಅವರು ಲೆಕ್ಕಿಸಲಿಲ್ಲ. ಅವರ ಮುಖ ಕೆಂಪಾಯಿತು. ಬಹಳ ಓದಿದವರಿಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ. ಅವರು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು, ಬೆರಳು ತೋರಿಸಿದರು, ಮೇಜು ಗುದ್ದಿದರು.

ಆ ಸಭೆಯಲ್ಲಿ ಇಂಗ್ಲಿಷ್ ಬಲ್ಲವರು ತಹಶೀಲ್ದಾರರು ಒಬ್ಬರೇ. ಸಾಹುಕಾರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹೊಗಳಿಕೆ ಜೋರಾಗಿದೆ ಎಂದು ತಲೆದೂಗುತ್ತಿದ್ದರು. “ಅಮೃತಪ್ಪ, ಸಾಹೇಬ್ರು ಏನಂದ್ರು, ಮಂದಿಗಿ ತಿಳಿಸಿ ಹೇಳು” ಎಂದರು.

ಅಮೃತಪ್ಪನಿಗೆ ಒಂದಕ್ಷರ ತಿಳಿದಿರಲಿಲ್ಲ. ತಿಳಿಯದೆ ತರ್ಜುಮೆ ಮಾಡುವುದು ಅವನಿಗೆ ಹೊಸದೂ ಅಲ್ಲ. ಆದರೆ ಆ ದಿನ ಬಾಯಿ ತೆರೆದರೆ ಹಲ್ಲಿನಲ್ಲಿ ಬೆಳಗಿನ ರೊಟ್ಟಿಯ ಕಲ್ಲು ಕರ್ ಎಂದಿತು. ಅವನು ಟೊಪ್ಪಿಗೆ ಸರಿಮಾಡಿಕೊಂಡ.

“ಸಾಹೇಬ್ರು ಕೇಳಾಕತ್ತಾರ” ಎಂದ. “ಸಾಹುಕಾರ್ರು ಕುಡ್ದಾರೇನು ಅಂತ.”

ಎದ್ದ ಕೈಗಳು ನಡುವೆಯೇ ನಿಂತವು.

“ಮುಂದ ಏನಂದ್ರು, ಕಾಕಾ?” ಎಂದ ಪೀರಪ್ಪ.

“ಕಲ್ಲು ಕಲ್ಲಂತ ತಿಳಿಬೇಕಂತ, ಜ್ವಾಳ ಜ್ವಾಳಂತ ತಿಳಿಬೇಕಂತ. ಅದು ತಿಳೀಲಾರದಂಗ ಮಂದೀನ ಮಾಡಿದ್ರ ಪಾಪ ಹತ್ತತದಂತ. ಮಷಿನ್ ಯಾರ್ದೋ, ಆಸಿ ಯಾರ್ದೋ, ದವಾ ಮೊದಲು ಅವ್ರೇ ಕುಡೀಬೇಕಂತ. ಅವ್ರ ಆಸಿ ಕಡಿಮಿ ಆಗಿದ್ದು ಊರು ಕಣ್ಣೀಲಿ ನೋಡಬೇಕಂತ. ಆಮ್ಯಾಲ ಉಳದವ್ರು.”

ಎದ್ದಿದ್ದ ಕೈಗಳು ಇಳಿದವು. ಸಾಹುಕಾರರು ತಹಶೀಲ್ದಾರರ ಕಡೆ ತಿರುಗಿದರು. “ಸಾಹೇಬ್ರ, ನೀವು ಇಂಗ್ಲಿಷ್ ಕಲ್ತವ್ರು. ಇವ ಹೇಳಿದ್ದು ಬರಾಬರಿ ಅದ ಏನ್ರಿ?”

ತಹಶೀಲ್ದಾರರು ಕನ್ನಡಕ ತೆಗೆದು, ಅದರ ಮೇಲಿನ ಧೂಳನ್ನು ನಿಧಾನವಾಗಿ ಒರೆಸಿ, ಕೆಮ್ಮಿ, ಅಮೃತಪ್ಪನನ್ನು ಒಮ್ಮೆ ನೋಡಿದರು. “ಒಂದೆರಡು ಪದ ಹೆಚ್ಚುಕಮ್ಮಿ ಇರ್ಬಹುದು. ಅರ್ಥ ಮಾತ್ರ ಇದೇನೇ” ಎಂದರು. “ಕುಡೀರಿ ಸಾಹುಕಾರ್ರೇ.”

ಖಾಜಾ ಸಾಹೇಬರು ನಿಜವಾಗಿ ಹೇಳಿದ್ದೇನು ಎಂಬುದನ್ನು ತಹಶೀಲ್ದಾರರು ಆಮೇಲೆ ಚಾಂದನ ಹೋಟೆಲಿನಲ್ಲಿ ಹೇಳಿದರು. ಅಂಥ ಔಷಧ ಲೋಕದಲ್ಲೇ ಇಲ್ಲ. ಇದ್ದರೂ, ಒಬ್ಬನನ್ನು ಕೇಳದೆ, ತಿಳಿಸದೆ ಅವನನ್ನು ಬದಲಿಸುವುದು ಅನ್ಯಾಯ. ತನ್ನ ಅನುಕೂಲಕ್ಕೆ ಇನ್ನೊಬ್ಬನನ್ನು ತಿದ್ದುವವನು ಮೊದಲು ತನ್ನನ್ನು ತಿದ್ದಿಕೊಳ್ಳಲಿ. ಇಷ್ಟೇ. ಅಮೃತಪ್ಪ ಬದುಕಿನಲ್ಲಿ ಸರಿಯಾಗಿ ಮಾಡಿದ ತರ್ಜುಮೆ ಅದೊಂದೇ, ಅದೂ ತನಗೆ ಬಾರದ ಭಾಷೆಯಿಂದ.

ಸಾಹುಕಾರರು ಇಕ್ಕಟ್ಟಿಗೆ ಸಿಕ್ಕರು. ದವಾ ಸುಳ್ಳು ಎಂದರೆ ಅದನ್ನು ಹಂಚಿದವರು ಅವರೇ. ಖರೆ ಎಂದರೆ ಕುಡಿಯಬೇಕು. ಊರಿನ ಎದುರಿಗೆ ಬಾಟಲಿ ಎತ್ತಿ ಕುಡಿದರು.

ಅವರ ಕಷ್ಟ ಶುರುವಾದದ್ದು ಮರುದಿನ ಬೆಳಿಗ್ಗೆ. ಬಾಗಿಲು ತೆರೆದರೆ ಹಾಲು ತಂದವಳು ಕೇಳಿದಳು: “ತಬಿಯತ್ ಹೆಂಗದ್ರಿ, ಸಾಹುಕಾರ್ರ?” ಇದು ದಿನಾ ಕೇಳುವ ಮಾತೇ. ಆದರೆ ಹಿಂದೆ ಉತ್ತರಕ್ಕೆ ಕಾಯದೆ ಹೋಗುತ್ತಿದ್ದವಳು ಈಗ ನಿಂತೇ ಇದ್ದಳು. ಬಸ್ ಸ್ಟ್ಯಾಂಡಿನಲ್ಲಿ ಪೀರಪ್ಪ ಕೇಳಿದ: “ತಬಿಯತ್ ಹೆಂಗದ್ರಿ? ಬದಲಾಯ್ತೇನ್ರಿ?” ಗಣಿಯ ಆಳುಗಳು ಸುತ್ತಿಗೆ ಇಟ್ಟು, ಬಹಳ ಮರ್ಯಾದೆಯಿಂದ ಕೇಳಿದರು. ಸುಂದರಮ್ಮ ಮನೆಗೇ ಬಂದು ಸಾಹುಕಾರ್ತಿಯ ಹತ್ತಿರ ಕೂತು ಕೇಳಿದಳು. ಬರಾಬರಿ ಅದ ಎಂದರೆ “ಹಂಗಾದ್ರ ಪೈಪು ಯಾವಾಗ್ರಿ” ಎನ್ನುತ್ತಿದ್ದರು. ಬರಾಬರಿ ಇಲ್ಲ ಎಂದರೆ “ಹಂಗಾದ್ರ ಇನ್ನೊಂದು ಬಾಟ್ಲಿ ಕುಡೀರಿ” ಎನ್ನುತ್ತಿದ್ದರು. ಸಾಹುಕಾರರು ವಾಡಿಗೆ ಹೋದರೆ ವಾಡಿಯಲ್ಲಿ, ಶಹಾಬಾದಿಗೆ ಹೋದರೆ ಶಹಾಬಾದಿನಲ್ಲಿ ಜನ ನಿಲ್ಲಿಸಿ ತಬಿಯತ್ ವಿಚಾರಿಸಿದರು. ಅಲ್ಲಿನವರು ಸುಮ್ಮನೆ ವಾಡಿಕೆಗೆ ಕೇಳಿದ್ದೋ, ಸುದ್ದಿ ಅಲ್ಲಿಗೂ ಹೋಗಿತ್ತೋ, ಅವರಿಗೆ ಗೊತ್ತಾಗಲಿಲ್ಲ. ಮೇಲೆ ಟಾನಿಕ್ಕಿನ ಹಸಿವು ಬೇರೆ.

ಕೊನೆಗೆ ಒಂದು ದಿನ ಲಾರಿಯಲ್ಲಿ ತಗಡುಗಳು ಬಂದವು, ಪೈಪು ಬಂತು. ಮಷಿನ್ ಸುತ್ತ ತಗಡಿನ ಗೋಡೆ ಎದ್ದಿತು, ನೀರು ಚಿಮ್ಮಿ ಧೂಳು ಅಲ್ಲೇ ಕೆಸರಾಗಿ ಕೂತಿತು. ಎಮ್ಮೆಗಳು ತಮ್ಮ ಬಣ್ಣಕ್ಕೆ ಬಂದವು.

ಹಾಗಾದರೆ ಸಾಹುಕಾರರ ಸ್ವಭಾವ ಬದಲಾಯಿತೇ ಎಂದು ಕೇಳಬಹುದು. ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಟಾನಿಕ್ಕಿಗೆ ಹೋಗುತ್ತದೆಯೇ. ಪೈಪು ಹಾಕಿಸಿದ ಮೇಲೂ ಅವರು ರಾತ್ರಿ ನೀರು ನಿಲ್ಲಿಸಿ ನೋಡಿದರು. ಬೆಳಿಗ್ಗೆ ಹಾಲಿನವಳು ತಬಿಯತ್ ಕೇಳಿದಳು, ನೀರು ಮತ್ತೆ ಬಂತು. ಮನುಷ್ಯನನ್ನು ಒಳಗಿನಿಂದ ತಿದ್ದುವ ವಿದ್ಯೆ ಖಾಜಾ ಸಾಹೇಬರಂಥವರಿಗೆ ಎಂದಾದರೂ ಸಿಗಲಿ, ನನ್ನ ಅಡ್ಡಿಯಿಲ್ಲ. ಅಲ್ಲಿಯವರೆಗೆ ನಮ್ಮೂರಿಗೆ ಬೆಳಗಿನ ಈ ಒಂದು ಪ್ರಶ್ನೆ ಸಾಕು.

ಎಳ್ಳಮಾಸಿಯ ಹಿಂದಿನ ದಿನ ಚಿಂಚೋಳಿ ಕಡೆಯ ಬಸ್ಸಿನಿಂದ ಗುಂಡಮ್ಮ ಇಳಿದಳು. ಕಂಕುಳಲ್ಲಿ ತವೆ ಇತ್ತು. ಅಮೃತಪ್ಪ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದ; ಆ ವಾರ ಪ್ರತಿ ಬಸ್ಸಿಗೂ ನಿಂತಿದ್ದ ಎಂದು ಚಾಂದ್ ಹೇಳುತ್ತಾನೆ. ಅವಳು ಮನೆಗೆ ಬಂದು ಗೋಡೆಯ ಗೂಡಿನಲ್ಲಿ ಬೆರಳಾಡಿಸಿ ನೋಡಿದಳು, ಬೆರಳು ಬೆಳ್ಳಗಾಗಲಿಲ್ಲ. ಆಮೇಲೆ ಒಲೆ ಹೊತ್ತಿಸಿದಳು.

“ಆ ಎತ್ತರದ ಸಾಹೇಬ್ರು ಭಾಳ ಶಾಣ್ಯಾ ಮಾತು, ಬುದ್ಧೀ ಮಾತು ಆಡಿದ್ರಂತಲ್ಲ” ಎಂದಳು ರೊಟ್ಟಿ ಬಡಿಯುತ್ತ. “ಬಸ್ಸಿನಾಗ ಮಂದಿ ಹೇಳಾಕತ್ತಿದ್ರು.”

“ಹೌದು. ಇಂಗ್ಲಿಷಿನಾಗ.”

“ಏನಂದ್ರು?”

ಅಮೃತಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಎಲ್ಲವನ್ನೂ ಒಪ್ಪಿಸಿದ. ಕಲ್ಲು ಕಲ್ಲಂತ, ಜ್ವಾಳ ಜ್ವಾಳಂತ, ಮಷಿನ್ ಯಾರ್ದೋ ಆಸಿ ಯಾರ್ದೋ. ಗುಂಡಮ್ಮ ಮೊದಲ ಸಲ ಕೇಳಿದವಳಂತೆ ಕೊನೆಯವರೆಗೂ ಕೇಳಿದಳು. ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

“ಆ ಸಾಹೇಬ್ರ ಹೆಂಡ್ತಿ ಭಾಳ ಶಾಣ್ಯಾಕಿ ಇರಬೇಕು” ಎಂದಳು.

ಅಮೃತಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ. ಏನೂ ಸದ್ದಾಗಲಿಲ್ಲ. “ಹೌದು, ಭಾಳ ಶಾಣ್ಯಾಕಿ” ಎಂದು ಅಪ್ಪಟ ಕನ್ನಡದಲ್ಲಿ ಹೇಳಿ, ಇನ್ನೊಂದು ರೊಟ್ಟಿಗೆ ಕೈ ಚಾಚಿದ.